ಹೊಸ್ತಿಲು ದಾಟುವ ವಯಸ್ಸಿಗೆ ಯಾವ ಕಥೆ?

ಪ್ರಶ್ನೆ: ನಾನು ಮಳವಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಕನ್ನಡ ಕಲಿಸುತ್ತೇನೆ. ಈ ವಯಸ್ಸಿನ ಮಕ್ಕಳ ಮನೆಗಳಲ್ಲಿ ಒಂದಲ್ಲ ಒಂದು ಶಾಸ್ತ್ರ ನಡೆಯುತ್ತಲೇ ಇರುತ್ತದೆ. ಒಬ್ಬನಿಗೆ ಮುಂಜಿಯಾದರೆ ಇನ್ನೊಬ್ಬನಿಗೆ ಲಿಂಗದೀಕ್ಷೆ, ಹೆಣ್ಣುಮಕ್ಕಳಿಗೆ ಮೈನೆರೆದ ಆರತಿ. ಅದಾದ ಮೇಲೆ ತರಗತಿಯಲ್ಲಿ ಅವರು ಕೂರುವ ಜಾಗ, ಊಟದ ಡಬ್ಬಿ ಹಂಚಿಕೊಳ್ಳುವ ರೀತಿ ಮೆಲ್ಲಗೆ ಬದಲಾಗುವುದನ್ನು ಗಮನಿಸಿದ್ದೇನೆ. ಇದರ ಬಗ್ಗೆ ಸಾಹಿತ್ಯದ ಮೂಲಕ ಮಾತನಾಡಬೇಕೆಂಬ ಆಸೆಯಿದೆ. ಆದರೆ ಜಾತಿಯ ಮಾತೆತ್ತಿದರೆ ಪೋಷಕರು ದೂರುತ್ತಾರೆ ಎಂಬ ಅಳುಕು ಒಂದು ಕಡೆ. ನೀತಿ ಹೇಳಿದರೆ ಮಕ್ಕಳು ‘ಎಲ್ಲರೂ ಸಮಾನರು’ ಎಂದು ಪರೀಕ್ಷೆಯ ಉತ್ತರ ಒಪ್ಪಿಸಿ ಸುಮ್ಮನಾಗುತ್ತಾರೆ ಎಂಬ ಬೇಸರ ಇನ್ನೊಂದು ಕಡೆ. ಎಲ್ಲಿಂದ ಆರಂಭಿಸಲಿ?
— ಕನ್ನಡ ಶಿಕ್ಷಕಿ, ಮಂಡ್ಯ ಜಿಲ್ಲೆ

ಉತ್ತರ: ಮೇಡಂ, ಎಲ್ಲಿಂದ ಆರಂಭಿಸಬೇಕೆಂಬುದು ನಿಮ್ಮ ಪ್ರಶ್ನೆಯೊಳಗೇ ಇದೆ. ಶಾಸ್ತ್ರವಾದ ಮೇಲೆ ಮಕ್ಕಳು ಕೂರುವ ಜಾಗ ಬದಲಾಯಿತು ಎಂದಿರಿ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಅದೇ. ಬಾಲ್ಯದಿಂದ ಆಚೆಗೆ ಮಗುವನ್ನು ದಾಟಿಸುವ ಯಾವ ವಿಧಿಯಾದರೂ ‘ಇನ್ನು ಮುಂದೆ ನೀನು ಇಂಥವನು’ ಎಂದು ಹೇಳುತ್ತದೆ. ಹಾಗೆ ಹೇಳುವ ಹೊತ್ತಿನಲ್ಲಿಯೇ, ಬಹಳ ಸಲ ಬಾಯಿಬಿಟ್ಟು ಹೇಳದೆಯೇ, ‘ಇಂಥವರು ನಿನ್ನವರಲ್ಲ’ ಎಂಬುದನ್ನೂ ಕಲಿಸಿಬಿಡುತ್ತದೆ. ಆದ್ದರಿಂದ ದಾಟುವ ವಿಧಿಗಳನ್ನು ಒಂದು ಪಾಠವಾಗಿಯೂ ಪೂರ್ವಗ್ರಹವನ್ನು ಇನ್ನೊಂದು ಪಾಠವಾಗಿಯೂ ನೀವು ಬೇರ್ಪಡಿಸಬೇಕಾಗಿಲ್ಲ. ಇವೆರಡೂ ಒಟ್ಟಿಗೆ ಕಾಣಿಸಿಕೊಳ್ಳುವ ಒಂದು ಸನ್ನಿವೇಶವನ್ನು ಹುಡುಕಿಕೊಂಡರೆ ಉಳಿದ ಕೆಲಸವನ್ನು ಕಥೆಯೇ ಮಾಡುತ್ತದೆ.

ಅಂಥ ಸನ್ನಿವೇಶ ಮಹಾಭಾರತದಲ್ಲಿಯೇ ಇದೆ. ಜೊತೆಗೆ ಅದು ಯಾವ ಪೋಷಕರೂ ಬೇಡವೆನ್ನಲಾರದ ಕಥೆ. ಕೌರವ ಪಾಂಡವರ ವಿದ್ಯಾಭ್ಯಾಸ ಮುಗಿದು, ರಾಜಕುಮಾರರು ಹಸ್ತಿನಾಪುರದ ಜನರೆದುರು ತಾವು ಕಲಿತದ್ದನ್ನು ಪ್ರದರ್ಶಿಸುವ ದಿನ ಅದು. ಹುಡುಗರು ವೀರರೆನಿಸಿಕೊಳ್ಳುವ ದಿನವೂ ಹೌದು. ಅರ್ಜುನನ ಚಳಕಕ್ಕೆ ಜನ ಬೆರಗಾಗಿ ನಿಂತಿರುವಾಗ ಕರ್ಣ ಕಣಕ್ಕಿಳಿದು, ಅವನು ಮಾಡಿದ್ದನ್ನೆಲ್ಲ ತಾನೂ ಮಾಡಿ ತೋರಿಸುತ್ತಾನೆ. ಆಗ ಕೃಪಾಚಾರ್ಯರು ಅವನ ಬಿಲ್ವಿದ್ಯೆಯ ಬಗ್ಗೆ ಒಂದು ಮಾತೂ ಕೇಳದೆ ಅವನ ತಂದೆ ತಾಯಿ ಯಾರು, ವಂಶ ಯಾವುದು ಎಂದು ಕೇಳುತ್ತಾರೆ. ಕರ್ಣನ ತಲೆ ಬಾಗುತ್ತದೆ. ದುರ್ಯೋಧನ ಅಲ್ಲಿಯೇ ಅವನಿಗೆ ಅಂಗರಾಜ್ಯದ ಪಟ್ಟ ಕಟ್ಟುತ್ತಾನೆ. ಅಷ್ಟರಲ್ಲಿ ಬೆವರಿಳಿಯುವ ಮೈಯಲ್ಲಿ ಬಂದ ಸಾರಥಿ ಅಧಿರಥನಿಗೆ ಕರ್ಣನು ಆಗಷ್ಟೇ ಅಭಿಷೇಕವಾದ ತನ್ನ ತಲೆಯನ್ನು ಬಾಗಿಸಿ ನಮಸ್ಕರಿಸುವುದನ್ನು ಕಂಡು, ನಿನಗೆ ಬಿಲ್ಲಲ್ಲ, ಚಾವಟಿಯೇ ಸರಿ ಎಂದು ಭೀಮ ಹಂಗಿಸುತ್ತಾನೆ.

ಈ ಕಥೆಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸಬೇಡಿ. ಕೃಪಾಚಾರ್ಯರು ಪ್ರಶ್ನೆ ಕೇಳಿದ ಕ್ಷಣಕ್ಕೆ ಕಥೆಯನ್ನು ನಿಲ್ಲಿಸಿ, ‘ಈ ಪ್ರಶ್ನೆ ಕೇಳಿದ್ದು ಸರಿಯೇ?’ ಎಂದು ಒಂದು ಸಾಲು ಬರೆಯಲು ಹೇಳಿ. ರಾಜಕುಮಾರರ ಪಂದ್ಯವಾದ್ದರಿಂದ ಕೇಳಿದ್ದು ಸರಿ ಎಂದು ಬರೆಯುವ ಮಕ್ಕಳು ಖಂಡಿತ ಇರುತ್ತಾರೆ, ಅವರನ್ನು ತಿದ್ದಲು ಹೋಗಬೇಡಿ. ಕಥೆ ಮುಂದುವರಿದು ಭೀಮನ ಮಾತು ಬಂದಾಗ ಮತ್ತೆ ನಿಲ್ಲಿಸಿ, ಜನರ ನಡುವೆ ನಿಂತು ಇದನ್ನೆಲ್ಲ ನೋಡುತ್ತಿರುವ ಒಬ್ಬ ಸಾರಥಿಯ ಮಗಳು ಆ ರಾತ್ರಿ ಮನೆಗೆ ಹೋಗಿ ಏನು ಹೇಳಿಯಾಳು ಎಂದು ಅರ್ಧ ಪುಟ ಬರೆಸಿ. ಆಮೇಲೆ ಮಕ್ಕಳೇ ತಮ್ಮ ಮೊದಲ ಸಾಲನ್ನು ತೆಗೆದು ನೋಡಿಕೊಳ್ಳಲಿ. ಆ ಚೀಟಿಯನ್ನು ನೀವು ಕೇಳಿ ಪಡೆಯಬಾರದು, ಗಟ್ಟಿಯಾಗಿ ಓದಿಸಬಾರದು, ಅಂಕವನ್ನಂತೂ ಕೊಡಲೇಬಾರದು. ತನ್ನ ಪೂರ್ವಗ್ರಹವನ್ನು ಕಾಣಬೇಕಾದವರು ಆ ಮಗುವೇ ಹೊರತು ಮೇಷ್ಟರಲ್ಲ, ಪಕ್ಕದ ಬೆಂಚಿನವರೂ ಅಲ್ಲ. ಬೇರೆಯವರು ನೋಡುತ್ತಾರೆ ಎಂದು ಗೊತ್ತಾದ ಮರುಗಳಿಗೆಯಲ್ಲಿ ನಿಮ್ಮನ್ನು ಬೇಸರಗೊಳಿಸಿದ ಆ ‘ಎಲ್ಲರೂ ಸಮಾನರು’ ಮತ್ತೆ ಹಾಜರಾಗುತ್ತದೆ.

ಇಷ್ಟಾದ ಮೇಲೆ ಹತ್ತನೆಯ ತರಗತಿಯವರಿಗೆ ಪಂಪನ ಪದ್ಯವೊಂದನ್ನು ಓದಿಸಬಹುದು. ಸಾವಿರ ವರ್ಷಗಳ ಹಿಂದೆ, 941ರ ಸುಮಾರಿಗೆ ರಚಿತವಾದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಭೀಷ್ಮರಿಗೆ ಸೇನಾಪತಿಯ ಪಟ್ಟ ಕಟ್ಟುವ ಸಂದರ್ಭದಲ್ಲಿ ಮತ್ತೆ ಕುಲದ ಮಾತು ಬಂದಾಗ, ಕರ್ಣನು ದ್ರೋಣರಿಗೆ ‘ಕುಲಂ ಕುಲಮಲ್ತು ಚಲಂ ಕುಲಂ’, ಅಂದರೆ ಹುಟ್ಟಿದ ಕುಲ ಕುಲವಲ್ಲ, ಛಲವೇ ಕುಲ ಎಂದು ಉತ್ತರಿಸುತ್ತಾನೆ. ಅಂದು ತಲೆ ತಗ್ಗಿಸಿದ ಹುಡುಗ ದೊಡ್ಡವನಾಗಿ ಕೊಡುವ ಉತ್ತರ ಇದು ಎಂದು ಹೇಳಿದರೆ, ಹಳಗನ್ನಡದ ಕಷ್ಟವನ್ನು ಮಕ್ಕಳು ತಾವಾಗಿಯೇ ದಾಟುತ್ತಾರೆ. ಪದ್ಯವನ್ನು ಕಂಠಪಾಠ ಮಾಡಿಸಿ, ಭಾವಾರ್ಥ ಬರೆಸಿ ಮುಗಿಸುವ ನಮ್ಮ ಅಭ್ಯಾಸದಿಂದ ಈ ಕೋಪ ಮಕ್ಕಳಿಗೆ ತಲುಪದೆ ಹೋಗುತ್ತಿದೆ ಎಂಬುದು ನನ್ನ ಬಹುಕಾಲದ ದುಃಖ.

ಇನ್ನು ನೀವು ಮಳವಳ್ಳಿಯ ಸೀಮೆಯವರು. ಬೊಪ್ಪೇಗೌಡನಪುರದ ಮಂಟೇಸ್ವಾಮಿ ಗದ್ದುಗೆ ನಿಮ್ಮ ತಾಲ್ಲೂಕಿನಲ್ಲಿಯೇ ಇದೆ. ಆ ಪರಂಪರೆಯ ಹಾಡುಗಾರರಾದ ನೀಲಗಾರರು ತಂಬೂರಿ, ಗಗ್ಗರ ಹಿಡಿದು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಮಹಾಕಾವ್ಯದಲ್ಲಿ ಹದಿಹರೆಯದವರಿಗೆ ಹೇಳಿ ಮಾಡಿಸಿದಂಥ ಭಾಗ ಸಿದ್ದಪ್ಪಾಜಿಯ ಕಥೆ. ಮದ್ದೂರು ಸೀಮೆಯ ನಿಡುಘಟ್ಟದ ಕೆಂಪಾಚಾರಿ ಪಾಂಚಾಳರ, ಅಂದರೆ ಕಬ್ಬಿಣದ ಕೆಲಸ ಮಾಡುವ ಆಚಾರಿಗಳ ಮನೆಯ ಮುದ್ದಿನ ಮಗ. ಮಂಟೇಸ್ವಾಮಿ ಅವನನ್ನು ಶಿಷ್ಯನಾಗಿ ಕೊಡಿರೆಂದು ಕೇಳುತ್ತಾನೆ, ಹೆತ್ತವರು ಒಪ್ಪುವುದಿಲ್ಲ. ಕಡೆಗೆ ಹುಡುಗ ಮನೆಯನ್ನು ಬಿಡಬೇಕಾಗುತ್ತದೆ, ಕಠಿಣ ಪರೀಕ್ಷೆಗಳಿಗೆ ಒಳಗಾಗಬೇಕಾಗುತ್ತದೆ, ಹಳೆಯ ಹೆಸರು ಕಳಚಿ ಸಿದ್ದಪ್ಪಾಜಿ ಎಂಬ ಹೆಸರು ಪಡೆಯುತ್ತಾನೆ. ಆಮೇಲೆ ಕಬ್ಬಿಣದ ಭಿಕ್ಷೆ ತರಲು ಗುರು ಅವನನ್ನು ಕಳಿಸುವುದು ಹಲಗೂರಿನ ಪಾಂಚಾಳರ ಬಳಿಗೆ, ಅಂದರೆ ಅವನ ಕುಲದವರ ಬಳಿಗೇ. ಅವರು ಕಬ್ಬಿಣ ಕೊಡದೆ ಅವನನ್ನು ಇನ್ನಷ್ಟು ಪರೀಕ್ಷೆಗಳಿಗೆ ಒಡ್ಡುತ್ತಾರೆ. ಹೊಸ ಬಾಳಿಗೆ ಕಾಲಿಟ್ಟವನನ್ನು ಹಳೆಯ ಬಳಗ ಗುರುತಿಸಲು ಒಪ್ಪದಿರುವ ನೋವು ಇಲ್ಲಿದೆ; ಹಾಸ್ಟೆಲ್ ಸೇರಿ ಊರಿಗೆ ಮರಳುವ ಹುಡುಗ ಹುಡುಗಿಯರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಹಲಗೂರನ್ನು ಬಸ್ಸಿನ ಕಿಟಕಿಯಿಂದ ನೋಡಿರುವ ಮಕ್ಕಳಿಗೆ ಈ ಕಾವ್ಯ ಹತ್ತಿರದ್ದಾಗಿಯೂ ಕಾಣುತ್ತದೆ.

ಅದೇ ಕಾವ್ಯದಲ್ಲಿ ಮಂಟೇಸ್ವಾಮಿ ಮೈಯೆಲ್ಲ ಕೊಳೆ ಹೊತ್ತು ಕಲ್ಯಾಣದ ಬಾಗಿಲಿಗೆ ಬಂದಾಗ ಕಾವಲಿನವರು ಅವನನ್ನು ಒಳಗೆ ಬಿಡದ ಪ್ರಸಂಗವೂ ಇದೆ. ಸಮಾನತೆಯ ಊರೆಂದು ಹೆಸರಾದ ಕಲ್ಯಾಣದ ಬಾಗಿಲಲ್ಲಿಯೇ ಹೀಗೆ ನಡೆಯಿತು ಎಂದು ಹಾಡುವ ಧೈರ್ಯ ಈ ಕಾವ್ಯಕ್ಕಿದೆ. ಒಳ್ಳೆಯವರು ಎನಿಸಿಕೊಂಡವರಲ್ಲಿಯೂ ಪೂರ್ವಗ್ರಹ ಇರಬಹುದೆಂಬುದನ್ನು ಮಕ್ಕಳಿಗೆ ಕಾಣಿಸಲು ಇದಕ್ಕಿಂತ ಒಳ್ಳೆಯ ಪ್ರಸಂಗ ನನಗೆ ತಿಳಿದಿಲ್ಲ. ಸಾಧ್ಯವಾದರೆ ಒಬ್ಬ ನೀಲಗಾರರನ್ನು ಶಾಲೆಗೆ ಆಹ್ವಾನಿಸಿ, ಸಂಭಾವನೆ ಕೊಟ್ಟು, ಅತಿಥಿಗಳಿಗೆ ಸಲ್ಲುವ ಗೌರವದಿಂದ ಹಾಡಿಸಿ. ನಿಮ್ಮ ತರಗತಿಯಲ್ಲಿಯೇ ನೀಲಗಾರರ ಮನೆಯ ಮಗುವಿದ್ದರೆ ಅದನ್ನು ಎಬ್ಬಿಸಿ ‘ನಿಮ್ಮ ಕಥೆ ಹೇಳು’ ಎನ್ನಬೇಡಿ. ದಲಿತ ಮಗುವನ್ನು ನೋಡಿಕೊಂಡು ಅಸ್ಪೃಶ್ಯತೆಯ ಪಾಠ ಮಾಡುವುದು, ತಾಯಿಯಿಲ್ಲದ ಮಗುವಿನ ಕಡೆ ತಿರುಗಿ ಮಲತಾಯಿಯ ಕಥೆ ಹೇಳುವುದು, ಇವೆಲ್ಲ ಒಳ್ಳೆಯ ಉದ್ದೇಶದಿಂದಲೇ ಆಗುವ ಕ್ರೌರ್ಯಗಳು.

ಮೂರನೆಯದಾಗಿ ದೇವನೂರ ಮಹಾದೇವರ ‘ಒಡಲಾಳ’. ಮೈಸೂರು ಸೀಮೆಯ ಆಡುಮಾತಿನಲ್ಲಿ ಬರೆದದ್ದಾದ್ದರಿಂದ ನಿಮ್ಮ ಮಕ್ಕಳ ಬಾಯಲ್ಲಿ ಅದು ಸಲೀಸಾಗಿ ಹೊರಳುತ್ತದೆ, ಗಟ್ಟಿಯಾಗಿ ಓದಿಸಿ. ಸಾಕವ್ವನ ಮನೆಯವರೆಲ್ಲ ಒಂದು ರಾತ್ರಿ ಬೆಂಕಿಯ ಸುತ್ತ ಕುಳಿತು, ಕದ್ದು ತಂದ ಸಾಹುಕಾರನ ಕಡಲೆಕಾಯಿ ತಿನ್ನುತ್ತಾರೆ. ಆಮೇಲೆ ಪೊಲೀಸರು ಹುಡುಕಿಕೊಂಡು ಬರುತ್ತಾರೆ. ಈ ಭಾಗ ಓದುವುದಕ್ಕೆ ಮೊದಲು, ‘ಒಂದು ಮನೆಯವರು ಸಾಹುಕಾರರ ಕಡಲೆಕಾಯಿ ಮೂಟೆ ಕದ್ದಿದ್ದಾರೆ’ ಎಂಬ ಸಂಗತಿಯಷ್ಟನ್ನೇ ಕೊಟ್ಟು ಮಕ್ಕಳಿಂದ ಪೊಲೀಸ್ ವರದಿಯೊಂದನ್ನು ಬರೆಸಿ. ಕಳ್ಳರ ರೂಪ, ಬಟ್ಟೆ, ಮಾತು, ನಡತೆ ಎಲ್ಲವನ್ನೂ ಅವರೇ ಊಹಿಸಿ ಬರೆಯಲಿ. ಅನಂತರ ಕಥೆಯನ್ನು ಓದಿಸಿ. ತಾವು ಊಹಿಸಿದ ಕಳ್ಳನಿಗೂ, ಬೆಂಕಿಯ ಬೆಳಕಿನಲ್ಲಿ ಕಡಲೆಕಾಯಿ ಸುಲಿಯುತ್ತ ಸುಖಪಡುವ ಆ ಮನೆಯ ಮಕ್ಕಳು ಮೊಮ್ಮಕ್ಕಳಿಗೂ ನಡುವಿನ ಅಂತರವನ್ನು ಅವರು ತಾವೇ ಅಳೆದುಕೊಳ್ಳುತ್ತಾರೆ. ಕದ್ದದ್ದು ತಪ್ಪಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಯನ್ನು ತಳ್ಳಿಹಾಕದೆ ಒಂದು ತರಗತಿ ಪೂರ್ತಿ ಅದನ್ನೇ ಚರ್ಚಿಸಿ, ಏಕೆಂದರೆ ಅದು ನ್ಯಾಯವಾದ ಪ್ರಶ್ನೆ.

ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನು ಮಾತ್ರ ಪಿಯುಸಿಯವರೆಗೆ ಕಾದಿಡಿ. ವೇದಪಾಠಶಾಲೆಯ ಪುಟ್ಟ ಹುಡುಗನೊಬ್ಬನ ಕಣ್ಣಿನಿಂದ, ಬದುಕಿರುವ ವಿಧವೆಗೆ ಸತ್ತವರ ವಿಧಿ ನಡೆಸಿ ಹೊರಗೆ ಹಾಕುವುದನ್ನು ಕಾಣಿಸುವ ಆ ಕಥೆ, ನೀವು ಕೇಳಿದ ವಿಷಯಕ್ಕೆ ಕನ್ನಡದಲ್ಲಿ ಎಲ್ಲಕ್ಕಿಂತ ಆಳವಾದ ಉತ್ತರ. ಆದರೆ ಗರ್ಭಪಾತದ ಪ್ರಸಂಗವೂ ಇರುವುದರಿಂದ ಓದುವವರಿಗೂ ಓದಿಸುವವರಿಗೂ ಸಿದ್ಧತೆ ಬೇಕು.

ಪೋಷಕರ ವಿಷಯ. ಅವರು ದೂರುವ ಮೊದಲೇ ನೀವಾಗಿ ತಿಳಿಸಿ. ಪೋಷಕರ ಸಭೆಯಲ್ಲಿ ಕರ್ಣನ ಪ್ರಸಂಗವನ್ನು ಓದಿ ಹೇಳಿ, ಯಾರ ಮನೆಯ ಶಾಸ್ತ್ರವನ್ನೂ ಹೀಗಳೆಯುವುದಿಲ್ಲ, ಯಾವ ಮಗುವಿನ ಜಾತಿಯನ್ನೂ ಕೇಳುವುದಿಲ್ಲ ಎಂದು ಮಾತು ಕೊಡಿ, ಆ ಮಾತನ್ನು ಉಳಿಸಿಕೊಳ್ಳಿ. ಆದರೆ ಊಟದ ಡಬ್ಬಿಯ ಸಂಗತಿ ಬೇರೆ. ಮುಟ್ಟುವುದಿಲ್ಲ, ಪಕ್ಕ ಕೂರುವುದಿಲ್ಲ ಎಂಬ ಆಚರಣೆ ತರಗತಿಯೊಳಗೆ ಬಂದರೆ, ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ಯಾವ ರೂಪದಲ್ಲಿಯೂ ನಿಷೇಧಿಸಿದೆ ಎಂಬುದನ್ನು ಮುಖ್ಯೋಪಾಧ್ಯಾಯರ ಜೊತೆಗೂಡಿ ಸ್ಪಷ್ಟವಾಗಿ ಹೇಳಬೇಕು. ಅದಕ್ಕೆ ಕಥೆಯ ಮರೆ ಬೇಕಾಗಿಲ್ಲ.

ಪ್ರಶ್ನೆ: ಹದಿಮೂರು ವರ್ಷದ ಮಗಳು ಈಚೆಗೆ ದೊಡ್ಡವಳಾದಳು. ಪಾಂಡವಪುರದ ಕಡೆಯ ಹಳ್ಳಿಯಲ್ಲಿರುವ ಅತ್ತೆಯವರು ಸೊಪ್ಪಿನ ಗುಡ್ಲು ಹಾಕಿ ಆರತಿ ಮಾಡಲೇಬೇಕೆನ್ನುತ್ತಾರೆ. ಇಂಗ್ಲಿಷ್ ಕಾದಂಬರಿಗಳನ್ನು ಬಹಳ ಓದುವ ಮಗಳು ಇದೆಲ್ಲ ಮೂಢನಂಬಿಕೆ, ಅಜ್ಜಿಗೆ ಏನೂ ತಿಳಿಯದು ಎಂದು ಕೂಗಾಡುತ್ತಾಳೆ. ಇಬ್ಬರ ನಡುವೆ ನಾನು ಸಿಲುಕಿದ್ದೇನೆ. ಅವಳಿಗೆ ಯಾವ ಕನ್ನಡ ಪುಸ್ತಕ ಕೊಡಲಿ?
— ಒಬ್ಬ ತಾಯಿ, ಕುವೆಂಪುನಗರ, ಮೈಸೂರು

ಉತ್ತರ: ತಾಯಿ, ಪುಸ್ತಕದ ಮಾತಿಗೆ ಮೊದಲು ಒಂದನ್ನು ತೀರ್ಮಾನ ಮಾಡಿ: ಮಗಳು ಒಪ್ಪದೆ ಶಾಸ್ತ್ರ ಬೇಡ. ತನ್ನ ಮೈಯಲ್ಲಿ ಆದ ಬದಲಾವಣೆಯನ್ನು ನೆಂಟರಿಷ್ಟರಿಗೆಲ್ಲ ಸಾರುವುದು ಆ ಹುಡುಗಿಗೆ ಬೇಡವಾಗಿದ್ದರೆ, ಅವಳ ಆ ಸಂಕೋಚವನ್ನು ಗೌರವಿಸಬೇಕು. ಛತ್ರ ಹಿಡಿದು, ರಸ್ತೆಗೆ ಫ್ಲೆಕ್ಸ್ ಕಟ್ಟಿ ಮಾಡುವ ಈಗಿನ ಆಡಂಬರವನ್ನು ನಿಮ್ಮ ಅತ್ತೆಯವರ ಕಾಲದ ಹೆಂಗಸರೂ ಮೆಚ್ಚುತ್ತಿರಲಿಲ್ಲ. ಮುಟ್ಟು ರೋಗವಲ್ಲ, ಮೈಲಿಗೆಯಲ್ಲ, ದೇಹದ ಸಹಜ ಕ್ರಿಯೆ ಎಂಬುದನ್ನು ಅವಳಿಗೆ ನೀವೇ ಬಿಡಿಸಿ ಹೇಳಿರಬೇಕು. ಹೇಳಿಲ್ಲದಿದ್ದರೆ ಈ ವಾರವೇ ಹೇಳಿ.

ಆದರೆ ಅಜ್ಜಿಗೆ ಏನೂ ತಿಳಿಯದು ಎಂಬ ಮಾತನ್ನು ನಾನು ಹಾಗೆಯೇ ಬಿಡಲಾರೆ, ಏಕೆಂದರೆ ಅದೂ ಒಂದು ಪೂರ್ವಗ್ರಹ. ಓದಿದವರಿಗೆ ಓದದವರ ಮೇಲೆ, ಪಟ್ಟಣದವರಿಗೆ ಹಳ್ಳಿಯವರ ಮೇಲೆ ಇರುವ ತಾತ್ಸಾರ ನಮ್ಮ ನಗರಗಳ ಒಳ್ಳೆಯ ಶಾಲೆಗಳಲ್ಲಿ ಯಾರ ಅಡ್ಡಿಯೂ ಇಲ್ಲದೆ ಬೆಳೆಯುತ್ತಿದೆ. ಜಾತಿಯ ಮಾತು ಬಂದರೆ ಎಚ್ಚರಗೊಳ್ಳುವ ಶಿಕ್ಷಕರೂ ಇದನ್ನು ಗಮನಿಸುವುದು ಅಪರೂಪ.

ಮಗಳಿಗೆ ಓದುವ ಹಸಿವು ಇರುವುದರಿಂದ ಅವಳ ಕುತೂಹಲವನ್ನೇ ಕೆರಳಿಸಿ. 1909ರಲ್ಲಿ ಆರ್ನಾಲ್ಡ್ ವಾನ್ ಗೆನೆಪ್ ಎಂಬ ವಿದ್ವಾಂಸ ಫ್ರೆಂಚ್ ಭಾಷೆಯಲ್ಲಿ ಒಂದು ಪುಸ್ತಕ ಬರೆದು, ಲೋಕದ ಎಲ್ಲ ಕಡೆಯ ಇಂಥ ವಿಧಿಗಳಲ್ಲಿ ಮೂರು ಘಟ್ಟಗಳಿವೆ ಎಂದು ತೋರಿಸಿದ. ಮೊದಲು ವ್ಯಕ್ತಿಯನ್ನು ಹಳೆಯ ಸ್ಥಾನದಿಂದ ಬೇರ್ಪಡಿಸುವುದು, ನಡುವೆ ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಒಂದು ಕಾಲ, ಕೊನೆಗೆ ಹೊಸ ಸ್ಥಾನದಲ್ಲಿ ಮರಳಿ ಸೇರಿಸಿಕೊಳ್ಳುವುದು. ಅಜ್ಜಿಯ ಗುಡ್ಲನ್ನು ಮಗಳು ಇದರ ಎದುರು ಇಟ್ಟು ನೋಡಲಿ. ಸೋದರಮಾವ ತಂದ ಹಸಿರು ಸೊಪ್ಪಿನ ಗುಡ್ಲಿನಲ್ಲಿ ಬೇರೆಯಾಗಿ ಕೂರಿಸುವುದು, ಚಿಗಳಿ ಕೊಬ್ಬರಿ ತಿನ್ನಿಸುತ್ತ ಕಳೆಯುವ ದಿನಗಳು, ಆಮೇಲೆ ನೀರೆರೆದು ಹೊಸ ಸೀರೆ ಉಡಿಸಿ ಆರತಿ ಬೆಳಗುವುದು, ಎಲ್ಲ ಕ್ರಮವಾಗಿಯೇ ಇದೆ. ಪಂಡಿತರು ಪುಸ್ತಕದಲ್ಲಿ ಬರೆದದ್ದನ್ನು ಅಜ್ಜಿ ಕೈಯಾರೆ ಮಾಡುತ್ತ ಬಂದಿದ್ದಾರೆ ಎಂದು ತಿಳಿದಾಗ ಅವಳ ದನಿ ಸ್ವಲ್ಪ ತಗ್ಗೀತು.

ಹಾಗೆಂದು ಗುಡ್ಲಿನಲ್ಲಿ ಎಲ್ಲವೂ ಚೆನ್ನ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಅಕ್ಕರೆ ಎಷ್ಟಿದೆಯೋ ಮೈಲಿಗೆಯ ಭಯವೂ ಅಷ್ಟೇ ಇದೆ. ಇನ್ನು ಇವಳು ಮದುವೆಗೆ ಸಿದ್ಧಳು ಎಂದು ಊರಿಗೆ ತಿಳಿಸುವ ಉದ್ದೇಶವೂ ಅದರೊಳಗೆ ಇತ್ತು. ಇವನ್ನು ಬಿಡಿಸಿ ನೋಡುವ ಕೆಲಸವನ್ನು ಮಗಳಿಗೇ ಕೊಡಿ. ನೀವು ಕೇಳಿದ ಕನ್ನಡ ಪುಸ್ತಕವೆಂದರೆ ಸದ್ಯಕ್ಕೆ ಅವಳ ಅಜ್ಜಿಯೇ. ಮುಂದಿನ ರಜೆಯಲ್ಲಿ ಹಳ್ಳಿಗೆ ಹೋಗಿ, ಆರತಿಯ ಹೊತ್ತಿನಲ್ಲಿ ಹಾಡುವ ಸೋಬಾನೆ ಪದಗಳನ್ನು ಅಜ್ಜಿಯಿಂದ ಹೇಳಿಸಿ ಬರೆದುಕೊಳ್ಳಲಿ. ಯಾವ ಸಾಲಿನಲ್ಲಿ ಹುಡುಗಿಯ ಸುಖವಿದೆ, ಯಾವ ಸಾಲು ಅವಳನ್ನು ಕಟ್ಟಿಹಾಕುತ್ತದೆ ಎಂದು ಗುರುತು ಹಾಕಲಿ. ‘ಅಜ್ಜಿ, ನಿಮಗೆ ಗುಡ್ಲು ಹಾಕಿದಾಗ ಹೇಗನ್ನಿಸಿತು?’ ಎಂದು ಅವಳು ಒಮ್ಮೆ ಕೇಳಲಿ. ನಿಮ್ಮ ಅತ್ತೆಯವರನ್ನು ಈ ಮಾತು ಇದುವರೆಗೆ ಯಾರೂ ಕೇಳಿರಲಾರರು. ಶಾಸ್ತ್ರ ಆಗಬೇಕೋ ಬೇಡವೋ, ಆಗುವುದಾದರೆ ಏನನ್ನು ಇಟ್ಟುಕೊಂಡು ಏನನ್ನು ಬಿಡಬೇಕು ಎಂಬುದನ್ನು ಆಮೇಲೆ ಅಜ್ಜಿ ಮೊಮ್ಮಗಳು ಕುಳಿತು ಮಾತನಾಡಿಕೊಳ್ಳಬಹುದು. ಆದರೆ ಕೊನೆಯ ಮಾತು ಮಗಳದ್ದೇ ಆಗಿರಲಿ.

ಪ್ರಶ್ನೆ: ನನಗೆ ಎಲ್ಲ ಜಾತಿ, ಧರ್ಮದ ಸ್ನೇಹಿತರಿದ್ದಾರೆ. ನನ್ನಲ್ಲಿ ಯಾವ ಪೂರ್ವಗ್ರಹವೂ ಇಲ್ಲ. ಆದರೂ ನಮ್ಮ ಉಪನ್ಯಾಸಕರು ಅದರ ಬಗ್ಗೆ ಕಥೆ ಕಾದಂಬರಿ ಓದಿ ಎನ್ನುತ್ತಲೇ ಇರುತ್ತಾರೆ. ನನ್ನಂಥವರಿಗೆ ಇದು ಏಕೆ ಬೇಕು?
— ಪಿಯುಸಿ ವಿದ್ಯಾರ್ಥಿ, ಮಂಡ್ಯ

ಉತ್ತರ: ತಮ್ಮ, ನಿನ್ನ ಸ್ನೇಹಿತರ ಬಗ್ಗೆ ಓದಿ ಸಂತೋಷವಾಯಿತು, ನೀನು ಹೇಳಿದ್ದನ್ನು ನಂಬುತ್ತೇನೆ. ಆದರೆ ಜಾತಿ, ಧರ್ಮಗಳು ಎರಡೇ ಪೂರ್ವಗ್ರಹದ ಮನೆಗಳಲ್ಲ. ನೀನು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದರೆ ಕಲಾ ವಿಭಾಗದವರ ಬಗ್ಗೆ ಏನೆಂದುಕೊಂಡಿದ್ದೀಯೆ? ಹತ್ತನೆಯ ತರಗತಿಯಲ್ಲಿ ಫೇಲಾಗಿ ಆಲೆಮನೆಗೆ ಕೆಲಸಕ್ಕೆ ಹೋದ ಹುಡುಗನ ಬಗ್ಗೆ? ನಮ್ಮ ಕಾಲದಲ್ಲಿ ಎಸ್ಸೆಸ್ಸೆಲ್ಸಿಯ ಫಲಿತಾಂಶವೇ ಒಂದು ದಾಟುವ ವಿಧಿಯಾಗಿದೆ. ದಾಟಿದವರು ದಾಟದವರನ್ನು ಆ ದಿನದಿಂದ ಬೇರೆ ಕಣ್ಣಿನಿಂದ ನೋಡತೊಡಗುತ್ತಾರೆ, ಅದು ಪೂರ್ವಗ್ರಹ ಎಂದು ಯಾರಿಗೂ ಅನ್ನಿಸುವುದೇ ಇಲ್ಲ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಓದು. 1980ರಲ್ಲಿ ಪ್ರಕಟವಾದ ಈ ಕಾದಂಬರಿ ಗಾತ್ರದಲ್ಲಿ ಚಿಕ್ಕದು, ಓದಿಗೆ ಸರಾಗ. ಅದರಲ್ಲಿ ಮಂದಣ್ಣ ಎಂಬ ಹಳ್ಳಿಯ ಯುವಕನಿದ್ದಾನೆ. ಊರಿನವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದವನು. ಕರ್ವಾಲೊ ಅವರಂಥ ದೊಡ್ಡ ವಿಜ್ಞಾನಿಗೆ ಇವನ ಸಹವಾಸ ಏಕೆ ಎಂದು ಕಥೆ ಹೇಳುವವನಿಗೂ ಆಶ್ಚರ್ಯ. ಕಾಡಿನ ಜೀವಿಗಳನ್ನು ಮಂದಣ್ಣನಂತೆ ನೋಡಬಲ್ಲ ಇನ್ನೊಬ್ಬನಿಲ್ಲ ಎಂಬುದು ವಿಜ್ಞಾನಿಗೆ ಮಾತ್ರ ಗೊತ್ತು. ಹಾರುವ ಓತಿಯ ಸುಳಿವು ಸಿಗುವುದೂ ಅವನಿಂದಲೇ. ಮೊದಲ ಕೆಲವು ಅಧ್ಯಾಯಗಳಾದ ಮೇಲೆ ಪುಸ್ತಕ ಮುಚ್ಚಿಟ್ಟು, ಮಂದಣ್ಣನ ಬಗ್ಗೆ ನಿನಗೆ ಏನನ್ನಿಸಿತೋ ಅದನ್ನು ಒಂದು ಪುಟ ಬರೆ. ಯಾರಿಗೂ ತೋರಿಸುವುದಿಲ್ಲವೆಂದು ಪ್ರಾಮಾಣಿಕವಾಗಿ ಬರೆ. ಕಾದಂಬರಿ ಮುಗಿದ ದಿನ ಅದನ್ನು ತೆಗೆದು ಓದಿಕೊ. ಆಲೆಮನೆಯ ಆ ಹುಡುಗ ನಿನ್ನ ಹಳೆಯ ಸಹಪಾಠಿಯೇ ಆಗಿದ್ದರೆ ಪುಸ್ತಕವನ್ನು ಅವನಿಗೂ ಕೊಟ್ಟು, ಮಂದಣ್ಣನ ಬಗ್ಗೆ ಅವನು ಏನು ಹೇಳುತ್ತಾನೆ ಎಂದು ಕೇಳು. ಆ ಎರಡೂ ಅಭಿಪ್ರಾಯಗಳನ್ನು ನನಗೆ ಬರೆದು ಕಳಿಸಿದರೆ, ಅವನು ಒಪ್ಪಿದ ಪಕ್ಷದಲ್ಲಿ, ಇದೇ ಅಂಕಣದಲ್ಲಿ ಅವುಗಳ ಬಗ್ಗೆ ಬರೆಯುತ್ತೇನೆ.